ಸಹಾಯ ಬೇಕು: ಹುಮನಾಬಾದ್ ಹತ್ರ ಕುದುರೆಗೆ ಧನುರ್ವಾಯು, ಆಂಟಿಟಾಕ್ಸಿನ್ ಅರ್ಜೆಂಟ್

ಟಾಂಗಾ ಹೂಡೋ ಹೆಣ್ಣು ಕುದುರೆ, ಸುಮಾರು 280 ಕೆಜಿ. ಹಿಂದಿನ ಬಲಗಾಲಿನ ಗೊರಸಿಗೆ ಮೊಳೆ ಚುಚ್ಚಿದ ಗಾಯ ಅದ. ಈಗ ನಾಲ್ಕೂ ಕಾಲು ಅಗಲಿಸಿ ಬಿಗಿದು ನಿಂತದ, ಬಾಲ ಎತ್ತಿದ್ದು ಇಳಿಸವಲ್ದು, ದವಡೆ ಎರಡು ಬೆರಳಷ್ಟೇ ತೆರೀತದ. ಗದ್ದದ ಕೆಳಗ ಮೆಲ್ಲಗ ತಟ್ಟಿದ್ರ ಮೂರನೇ ರೆಪ್ಪೆ (ಕಣ್ಣಿನ ಒಳಮೂಲ್ಯಾಗಿನ ಪೊರೆ) ಕಣ್ಣಿನ ಮ್ಯಾಲ ಸರ್ರಂತ ಬರ್ತದ. ಧನುರ್ವಾಯು ಅನ್ನೋದು ಹೆಚ್ಚುಕಮ್ಮಿ ಖಾತ್ರಿ. ಆದ್ರೂ ರೇಬಿಸ್ ಪೂರ್ತಿ ತಳ್ಳಿಹಾಕೋ ಹಂಗಿಲ್ಲ, ಬರಿಗೈ ಬಾಯಾಗ ಹಾಕಬ್ಯಾಡ್ರಿ ಅಂತ ಮಾಲೀಕರಿಗೆ ಹೇಳ್ಯದ.

ಗಾಯ ಅಗಲ ಬಿಡಿಸಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ತೊಳದಾಗ್ಯದ. ಧನುರ್ವಾಯು ರೋಗಾಣು ಗಾಳಿ ಆಡದ ಜಾಗದಾಗೇ ಬೆಳೀತದ. ಪ್ರೊಕೇನ್ ಪೆನಿಸಿಲಿನ್ ಕೆಜಿಗೆ 22,000 ಯೂನಿಟ್, ಅಂದ್ರ ಸಲಕ್ಕ ಸುಮಾರು 62 ಲಕ್ಷ, ದಿನಕ್ಕ ಎರಡು ಸಲ. ಕಿವಿಗೆ ಹತ್ತಿ, ಕತ್ತಲ ಕೊಟ್ಟಿಗೆ, ನೀರು-ಮೇವು ಎದೆ ಎತ್ತರಕ್ಕ.

ಬೇಕಾಗಿದ್ದು ಆಂಟಿಟಾಕ್ಸಿನ್, ಅಂದ್ರ ಈ ರೋಗಾಣು ಬಿಡೋ ವಿಷಾನ ಹಿಡಿಯೋ ಔಷಧ. ಟಿ.ಟಿ. ಲಸಿಕೆ ಅಲ್ರಿ, ಅಂಗಡ್ಯಾಗ ಕೇಳಿದ್ರ ಅದನ್ನೇ ಕೈಗೆ ಕೊಡ್ತಾರ. ನರದೊಳಗ ಹೊಕ್ಕ ವಿಷಕ್ಕ ಆಂಟಿಟಾಕ್ಸಿನ್ ನಾಟಲ್ಲ, ಹೊರಗ ತಿರುಗಾಡೋ ವಿಷಾನ ಮಾತ್ರ ಹಿಡೀತದ. ಅದಕ್ಕೇ ಇಷ್ಟು ಅವಸರ. ಜೊತಿಗೆ ಸೆಳೆತ ತಗ್ಗಿಸಾಕ ಅಸಿಪ್ರೊಮಜಿನ್, ಬಿದ್ರ ಎತ್ತಿ ನಿಲ್ಲಿಸಾಕ ಅಗಲ ಪಟ್ಟಿ, ಚೈನ್ ಪುಲ್ಲಿ.

ಬೀದರ್ ಪಶುವೈದ್ಯಕೀಯ ಕಾಲೇಜಿಗೆ ಲಾರಿ ಮ್ಯಾಲ ಒಯ್ರಿ ಅನ್ನೋರಿಗೆ: ಅಲುಗಾಟಕ್ಕ, ಹಾರ್ನಿಗೆ ಸೆಳೆತ ಏರ್ತದ. ಔಷಧಾನೇ ಇಲ್ಲಿಗೆ ತರಿಸೋದು ಮೇಲು. ಬೀದರ್, ಕಲಬುರಗಿ ಕಡೆ ಯಾರ ಹತ್ರ ಸ್ಟಾಕ್ ಅದ, ಐಸ್ ಡಬ್ಬಿಯಾಗ ಕಳಸಾಕ ಆಗ್ತದೇನು, ಕೆಳಗ ಬರೀರಿ.