ಕೆರೆ ಹಬ್ಬದಲ್ಲಿ ನಮ್ಮೂರಿನವರದೇ ಹಾಡು: ಮಾಡಿಸಿದವರು ಅನುಭವ ಹೇಳಿ

ದಾವಣಗೆರೆ ಹತ್ತಿರದ ಹಳ್ಳಿಯಿಂದ ಒಬ್ಬ ಯುವತಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ಭದ್ರಾ ನಾಲೆಯ ಕಡೆ, ದಾವಣಗೆರೆಯಿಂದ ಅರ್ಧ ಗಂಟೆ ದಾರಿ. ಹೋದ ಬೇಸಿಗೆಯಲ್ಲಿ ಊರವರೆಲ್ಲ ಸೇರಿ ಕೆರೆಯ ಹೂಳು ತೆಗೆದೆವು. ಮಳೆ ಚೆನ್ನಾಗಿ ಆಯ್ತು, ಕೆರೆ ತುಂಬಿತು. ಈಗ ಫೆಬ್ರವರಿ 2ಕ್ಕೆ ಕೆರೆ ಹಬ್ಬ ಮಾಡಬೇಕು ಅಂತಿದ್ದೇವೆ. 1971ರಲ್ಲಿ ಇರಾನಿನ ರಾಮ್ಸರ್ ಊರಿನಲ್ಲಿ ಕೆರೆ, ಜೌಗು ಪ್ರದೇಶ ಉಳಿಸುವ ಒಪ್ಪಂದ ಆಗಿದ್ದು ಅದೇ ತಾರೀಖು. ಐದಾರು ನೂರು ಜನ ಬರಬಹುದು. ಕೈಯಲ್ಲಿರುವುದು 40,000 ರೂಪಾಯಿ. ಹುಡುಗರು ಆರ್ಕೆಸ್ಟ್ರಾ ಕರೆಸೋಣ ಅನ್ನುತ್ತಾರೆ. ನನಗೆ ನಮ್ಮ ಸೋಬಾನೆ ಅಜ್ಜಿಯರು, ಭಜನೆಯವರು, ತಮಟೆಯವರು ಇವರಿಂದಲೇ ಹಾಡಿಸಿ ನುಡಿಸಬೇಕು ಅಂತ ಆಸೆ. ಜನ ಕೂತು ಕೇಳುತ್ತಾರಾ? ಮೈಕ್ ಎಷ್ಟು ಬೇಕು? ಕೆರೆಯಲ್ಲಿ ಹಕ್ಕಿಗಳಿವೆ, ಅವಕ್ಕೆ ತೊಂದರೆ ಆಗಬಾರದು. ಮಾಡಿದವರು ಹೇಳಿ. ಎಲ್ಲಿ ತಪ್ಪಾಯಿತು ಅನ್ನುವುದನ್ನೂ ಹೇಳಿ.

ಚನ್ನಗಿರಿ ಕಡೆಯ ನಿವೃತ್ತ ಶಿಕ್ಷಕಿ

ತಂಗಿ, ಖಂಡಿತ ಕೇಳುತ್ತಾರೆ. ಆದರೆ ಕೇಳುವ ಹಾಗೆ ನಾವು ಏರ್ಪಾಡು ಮಾಡಬೇಕು. ಅದು ನನಗೆ ಮೊದಲ ವರ್ಷ ಗೊತ್ತಿರಲಿಲ್ಲ.

ನಾವು ಸೂಳೆಕೆರೆ ಸೀಮೆಯವರು. ಕೆರೆಯ ಮೇಲೆ ಹಾಡು, ಕಥೆ ನಮ್ಮಲ್ಲಿ ಮನೆಮನೆಯಲ್ಲೂ ಇವೆ. ಕೆರೆ ಕಟ್ಟಿಸಿದ ಶಾಂತವ್ವನ ಕಥೆ ಕೇಳದೆ ಬೆಳೆದ ಮಕ್ಕಳೇ ಇಲ್ಲ. ಹಾಗಿದ್ದೂ ಮೊದಲ ಹಬ್ಬದಲ್ಲಿ ನಾವು ಮಾಡಿದ್ದೇನು? ದೊಡ್ಡ ವೇದಿಕೆ ಹಾಕಿದೆವು. ಅತಿಥಿಗಳ ಭಾಷಣ ಮೊದಲು. ಅದು ಮುಗಿಯುವಷ್ಟರಲ್ಲಿ ರಾತ್ರಿ ಒಂಬತ್ತು. ಸಂಜೆ ನಾಲ್ಕಕ್ಕೇ ಬಂದು ಕೂತಿದ್ದ ಆರು ಜನ ಅಜ್ಜಿಯರನ್ನು ಆಮೇಲೆ ಮೇಲಕ್ಕೆ ಕರೆದೆವು. ಒಬ್ಬ ಅಜ್ಜಿ ಕೈಗೆ ಮೈಕ್ ಕೊಟ್ಟೆವು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ನಿಂತರು. ಆಮೇಲೆ ಶುರು ಮಾಡಿದರು. ಪದ ಇನ್ನೂ ಗಣಪತಿ, ಸರಸ್ವತಿಯನ್ನು ನೆನೆಯುವುದರಲ್ಲೇ ಇತ್ತು, ಅಷ್ಟರಲ್ಲಿ ನಿರೂಪಣೆ ಮಾಡುತ್ತಿದ್ದವರು ಹತ್ತಿರ ಹೋಗಿ "ಸಾಕು ಅಜ್ಜಿ, ಟೈಮ್ ಆಯ್ತು" ಅಂದರು. ಅಜ್ಜಿ ತಕ್ಷಣ ನಿಲ್ಲಿಸಿದರು. ಸೆರಗು ಸರಿ ಮಾಡಿಕೊಂಡು ಕೆಳಗೆ ಇಳಿದು ಬಂದರು. ಒಂದು ಮಾತೂ ಆಡಲಿಲ್ಲ. ಇವತ್ತಿಗೂ ನನಗೆ ಅದು ಮನಸ್ಸಿನಿಂದ ಹೋಗಿಲ್ಲ.

ಮಾರನೇ ವರ್ಷ ನಾನೇ ಅವರ ಮನೆಗೆ ಹೋದೆ. ಎಲೆ ಅಡಿಕೆ ಇಟ್ಟು, ತಪ್ಪಾಯಿತು ಅಂತ ಹೇಳಿ, ನಿಮಗೆ ಹೇಗೆ ಬೇಕೋ ಹಾಗೆ ಮಾಡೋಣ ಅಂದೆ. ಅವರು ಕೇಳಿದ್ದು ಮೂರೇ. ವೇದಿಕೆ ಬೇಡ, ನೆಲದ ಮೇಲೆ ಕೂರುತ್ತೇವೆ. ಕತ್ತಲಾಗುವ ಮುಂಚೆ ಮುಗಿಸಬೇಕು. ಎದುರು ಬದುರು ಕೂರಬೇಕು.

ಈ ಮೂರನೆಯದರ ಅರ್ಥ ನನಗೆ ಅವತ್ತೇ ಆಗಿದ್ದು. ಸೋಬಾನೆ ಪದ ಒಬ್ಬರು ಹಾಡುವುದಲ್ಲ. ಈ ಕಡೆಯವರು ಒಂದು ಸಾಲು ಹೇಳಿದರೆ ಆ ಕಡೆಯವರು ಅದರ ಕೊನೆಯನ್ನು ಹಿಡಿದು ಎತ್ತಬೇಕು. ಈ ಕಡೆಯವರು ಆಗ ಉಸಿರು ಎಳೆದುಕೊಳ್ಳುತ್ತಾರೆ, ಮುಂದಿನ ಸಾಲು ನೆನಪು ಮಾಡಿಕೊಳ್ಳುತ್ತಾರೆ. ಎಲ್ಲರನ್ನೂ ಸಾಲಾಗಿ ಜನರ ಕಡೆ ಮುಖ ಮಾಡಿ ನಿಲ್ಲಿಸಿದರೆ ಒಬ್ಬರ ಬಾಯಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಪದ ಅಲ್ಲೇ ತುಂಡಾಗುತ್ತದೆ.

ಆ ವರ್ಷ ಏರಿಯ ಕೆಳಗೆ ಹುಣಸೆ ಮರದ ನೆರಳಲ್ಲಿ ಜಮಖಾನ ಹಾಸಿದೆವು. ಮೂವರು ಈ ಕಡೆ, ಮೂವರು ಆ ಕಡೆ. ಜನ ಸುತ್ತಲೂ ಕೂತರು. ಮುಕ್ಕಾಲು ಗಂಟೆ ಹಾಡಿದರು. ತೂಬು ಎತ್ತಿದ್ದು, ಮೊದಲ ನೀರು ಗದ್ದೆಗೆ ಹರಿದಿದ್ದು, ನೀರುಗಂಟಿಯ ಹೆಂಡತಿ ಬುತ್ತಿ ಹೊತ್ತು ಹೋಗಿದ್ದು, ಎಲ್ಲ ಆ ಪದದಲ್ಲಿತ್ತು. ನೀರುಗಂಟಿ ಅಂದರೆ ಯಾರು ಅಂತ ಒಬ್ಬ ಹುಡುಗ ಪಕ್ಕದಲ್ಲಿದ್ದ ಅವರ ಅಜ್ಜನನ್ನು ಕೇಳಿದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚಿ ಬಿಡುವವನು ಅಂತ ಅಜ್ಜ ಪಿಸುಮಾತಿನಲ್ಲಿ ಹೇಳಿದರು. ಕೆರೆ ಉಳಿಸಿ ಅಂತ ನಾವು ಕೊಟ್ಟ ಭಾಷಣ ಯಾರಿಗೂ ನೆನಪಿಲ್ಲ. ಆ ಪದ ಎಷ್ಟೋ ಜನರಿಗೆ ನೆನಪಿದೆ.

ಅದಕ್ಕೇ ಹೇಳುತ್ತೇನೆ ತಂಗಿ, ಆರ್ಕೆಸ್ಟ್ರಾದವರು ಯಾವ ಊರಲ್ಲಾದರೂ ಹಾಡುತ್ತಾರೆ. ನಿಮ್ಮ ಕೆರೆಯ ಪದ ನಿಮ್ಮೂರಲ್ಲಿ ಮಾತ್ರ ಇದೆ. ಸಮಯ ಕೊಡಿ. ಭಾಷಣ ಇಡಲೇಬೇಕು ಅಂದರೆ ಹಾಡು ಮುಗಿದ ಮೇಲೆ ಇಡಿ.

ದಾವಣಗೆರೆಯಿಂದ, ಮೈಕ್ ಸೆಟ್ ಕೆಲಸ ಮಾಡುವವರು

ಮೇಡಂ ಹೇಳಿದ್ದು ಸರಿ. ಮೈಕಿನ ವಿಷಯ ನಾನು ಹೇಳುತ್ತೇನೆ, ಇಪ್ಪತ್ತು ವರ್ಷದಿಂದ ಇದೇ ಕೆಲಸ.

ಅಕ್ಕ, ಕೆರೆ ಪಕ್ಕ ಸದ್ದು ಬಯಲಿನ ಹಾಗೆ ಇರುವುದಿಲ್ಲ. ಸಂಜೆ ಹೊತ್ತು ನೀರಿನ ಮೇಲಿನ ಗಾಳಿ ತಣ್ಣಗಿರುತ್ತದೆ, ಅದರ ಮೇಲಿನದು ಬೆಚ್ಚಗಿರುತ್ತದೆ. ಮೇಲಕ್ಕೆ ಹೋಗಬೇಕಾದ ಸದ್ದು ಆಗ ಬಗ್ಗಿ ಕೆಳಗೆ ಬರುತ್ತದೆ. ಈ ದಡದಲ್ಲಿ ಮಾತಾಡಿದ್ದು ಆ ದಡದಲ್ಲಿ ಕೇಳಿಸುವುದು ಇದರಿಂದಲೇ. ಅದಕ್ಕೆ ಸ್ಪೀಕರ್‌ಗಳ ಬೆನ್ನು ನೀರಿನ ಕಡೆ, ಮುಖ ಜನರ ಕಡೆ ಇರಬೇಕು. ಮರಕ್ಕೆ ಕಟ್ಟುವ ಹಾರ್ನ್ ಬೇಡವೇ ಬೇಡ. ಅದರಲ್ಲಿ ಅಜ್ಜಿಯರ ದನಿ ತಗಡಿನ ಹಾಗೆ ಬರುತ್ತದೆ.

ಐನೂರು ಜನಕ್ಕೆ ನಾಲ್ಕು ಸಣ್ಣ ಬಾಕ್ಸ್ ಸಾಕು. ಎರಡು ಮುಂದೆ, ಎರಡು ಮಧ್ಯದಲ್ಲಿ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದೇ ಕಡೆ ದೊಡ್ಡ ಬಾಕ್ಸ್ ಇಟ್ಟು ಹಿಂದಿನವರಿಗೆ ಕೇಳಿಸಬೇಕು ಅಂತ ಜೋರು ಮಾಡಿದರೆ ಮುಂದಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಸಣ್ಣದನ್ನು ಹತ್ತಿರ ಹತ್ತಿರ ಇಟ್ಟರೆ ಎಲ್ಲರಿಗೂ ಹಿತವಾಗಿ ಕೇಳಿಸುತ್ತದೆ. ಎದುರು ಬದುರು ಕೂತ ಅಜ್ಜಿಯರಿಗೆ ಎರಡು ಮೈಕ್ ಇಡಿ, ಎರಡನ್ನೂ ಗಿಡ್ಡ ಸ್ಟ್ಯಾಂಡಿಗೆ ಹಾಕಿ. ಕೈಗೆ ಮಾತ್ರ ಕೊಡಬೇಡಿ. ತಮಟೆ, ಡೊಳ್ಳಿಗೆ ಮೈಕ್ ಬೇಡ. ಅವು ತಾವೇ ಊರಿಗೆಲ್ಲ ಕೇಳಿಸುತ್ತವೆ.

ಜನರೇಟರ್ ತರಬೇಡಿ. ಅದರ ಗುರ್ ಅನ್ನುವ ಸದ್ದು ಮೈಕಿಗೂ ಬರುತ್ತದೆ, ಹೊಗೆ ಬೇರೆ. ಬೆಸ್ಕಾಂನವರ ಹತ್ತಿರ ತಾತ್ಕಾಲಿಕ ಸಂಪರ್ಕ ಕೇಳಿ. ಇಲ್ಲದಿದ್ದರೆ ಇಷ್ಟು ಸಣ್ಣ ಸೆಟ್‌ಗೆ ಒಳ್ಳೆಯ ಬ್ಯಾಟರಿ, ಇನ್ವರ್ಟರ್ ಸಾಕಾಗುತ್ತದೆ. ಹಿಂದಿನ ದಿನವೇ ಹಾಕಿ ನೋಡಿ.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಹಾಕುವ ಹಾಗಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಆಸ್ಪತ್ರೆ, ಶಾಲೆ ಇದ್ದರೆ ಅದರ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಿರಬಹುದು, ಕೇಳಿಕೊಳ್ಳಿ. ಅರ್ಜಿ ಹದಿನೈದು ದಿನ ಮುಂಚೆಯೇ ಕೊಡಿ. ಕೆರೆ ಪಂಚಾಯಿತಿಯದೋ ಸಣ್ಣ ನೀರಾವರಿಯವರದೋ ಅಂತ ಕೇಳಿಕೊಂಡು ಅವರಿಗೂ ಒಂದು ಪತ್ರ ಕೊಡಿ.

ಹರಿಹರ ಕಡೆಯ ತಮಟೆ ಕಲಾವಿದ

ಅಕ್ಕ, ನಮ್ಮನ್ನೂ ಹಬ್ಬದ ಒಳಗೆ ಕೂರಿಸಬೇಕು ಅಂತ ನೀವು ಯೋಚನೆ ಮಾಡಿದ್ದೇ ಖುಷಿ. ಸಾಮಾನ್ಯವಾಗಿ ನಮ್ಮನ್ನು ಕರೆಯುವುದು ಮೆರವಣಿಗೆಗೆ ಮಾತ್ರ. ಅತಿಥಿಗಳನ್ನು ವೇದಿಕೆ ತನಕ ಬಿಟ್ಟ ಮೇಲೆ ನಮ್ಮ ಕೆಲಸ ಮುಗಿಯಿತು. ಊಟಕ್ಕೆ ಕೊನೆಯ ಪಂಕ್ತಿ.

ಒಂದು ವಿಷಯ ಹೇಳಲೇಬೇಕು. ಎರಡು ವರ್ಷದ ಹಿಂದೆ ಒಂದು ಊರಿನಲ್ಲಿ ಪರಿಸರದ ಕಾರ್ಯಕ್ರಮಕ್ಕೆ ಹೋಗಿದ್ದೆವು. ಜನವರಿ ತಿಂಗಳು, ಇಬ್ಬನಿ. ತಂಪು ಹಿಡಿದರೆ ತಮಟೆಯ ಚರ್ಮ ಸಡಿಲ ಆಗುತ್ತದೆ, ಬಡಿದರೆ ದಪ್ಪ್ ಅನ್ನುತ್ತದೆ ಅಷ್ಟೇ. ಕಾಯಿಸಿದರೆ ಬಿಗಿ ಆಗಿ ಟಣ್ ಅನ್ನುವ ದನಿ ಬರುತ್ತದೆ. ನಾವು ಒಂದು ಹಿಡಿ ಒಣಹುಲ್ಲು ಹಚ್ಚಿ ತಮಟೆ ಕಾಯಿಸಲು ಕೂತೆವು. ಒಬ್ಬರು ಓಡಿ ಬಂದು, ಪರಿಸರದ ಹಬ್ಬದಲ್ಲಿ ಹೊಗೆ ಹಾಕುತ್ತೀರಾ ಅಂತ ಎಲ್ಲರ ಮುಂದೆ ಬೈದು ಬೆಂಕಿಗೆ ನೀರು ಸುರಿದರು. ನಮ್ಮಪ್ಪನ ಕೈಯಲ್ಲಿದ್ದ ತಮಟೆಗೂ ನೀರು ಬಿತ್ತು. ಅಪ್ಪ ಅದನ್ನು ಪಂಚೆಯಿಂದ ಒರೆಸಿ ಚೀಲಕ್ಕೆ ಹಾಕಿಕೊಂಡರು. ಅವತ್ತು ನುಡಿಸಲಿಲ್ಲ.

ದಯವಿಟ್ಟು ಒಂದು ಮೂಲೆಯಲ್ಲಿ ಸಣ್ಣ ಬೆಂಕಿಗೆ ಜಾಗ ಕೊಡಿ. ಮಕ್ಕಳು ಸುತ್ತ ನಿಂತು ನೋಡಲಿ. ಕಾಯಿಸುವ ಮುಂಚೆ ಒಂದು ಪೆಟ್ಟು, ಕಾಯಿಸಿದ ಮೇಲೆ ಒಂದು ಪೆಟ್ಟು ಹಾಕಿ ಕೇಳಿಸಿದರೆ ಮಕ್ಕಳ ಕಣ್ಣು ಅರಳುತ್ತದೆ, ನಾನು ನೋಡಿದ್ದೇನೆ. ಎಲ್ಲ ತಂಡಕ್ಕೂ ಒಂದೇ ಸಂಭಾವನೆ ಮಾತಾಡಿ, ಮೊದಲೇ ಹೇಳಿ, ಅವತ್ತೇ ಕೈಗೆ ಕೊಡಿ. ಬಂದು ಹೋಗುವ ಗಾಡಿ ಖರ್ಚು ಬೇರೆ. ಶಾಲು ಹೊದಿಸದಿದ್ದರೂ ಪರವಾಗಿಲ್ಲ, ಎಲ್ಲರ ಜೊತೆ ಕೂತು ಊಟ ಮಾಡಬೇಕು.

ಚನ್ನಗಿರಿ ಕಡೆಯ ನಿವೃತ್ತ ಶಿಕ್ಷಕಿ

ತಮ್ಮಾ, ನಿಮ್ಮಪ್ಪನ ವಿಷಯ ಓದಿ ತುಂಬಾ ನೋವಾಯ್ತು. ಈ ಸಲ ನಮ್ಮೂರಿಗೆ ನೀವಿಬ್ಬರೂ ಬರಬೇಕು. ಬೆಂಕಿಗೆ ಹುಲ್ಲು ನಾನೇ ತಂದಿಡುತ್ತೇನೆ.

ದಾವಣಗೆರೆಯ ಹಕ್ಕಿ ವೀಕ್ಷಕರು

ನಾನು ಕುಂದವಾಡ ಕೆರೆಗೆ ವಾರಕ್ಕೆರಡು ಸಲ ಹೋಗುತ್ತೇನೆ. ಫೆಬ್ರವರಿ ಅಂದರೆ ಚಳಿಗಾಲಕ್ಕೆ ಬಂದ ಬಾತುಗಳು ಇನ್ನೂ ಇರುತ್ತವೆ. ಬೆಳ್ಳಕ್ಕಿ, ನೀರುಕಾಗೆಗಳು ಸೂರ್ಯ ಮುಳುಗುವ ಹೊತ್ತಿಗೆ ಮರಕ್ಕೆ ವಾಪಸ್ ಬರುತ್ತವೆ. ಆಗ ಗದ್ದಲ ಇದ್ದರೆ ಇಳಿಯುವುದೇ ಇಲ್ಲ, ಸುತ್ತುತ್ತಲೇ ಇರುತ್ತವೆ. ಮಧ್ಯಾಹ್ನ ಮೂರಕ್ಕೆ ಶುರು ಮಾಡಿ, ಐದೂವರೆಗೆ ವಾದ್ಯ ನಿಲ್ಲಿಸಿ. ಅವು ಕೂರುವ ಮರ ಯಾವುದು ಅಂತ ಒಂದು ವಾರ ಮುಂಚೆ ಸಂಜೆ ಹೋಗಿ ನೋಡಿ, ಅದರಿಂದ ದೂರದ ದಡ ಆರಿಸಿಕೊಳ್ಳಿ. ಪಟಾಕಿ ಬೇಡ, ನೀರಿನ ಮೇಲೆ ಫೋಕಸ್ ಲೈಟ್ ಬೇಡ. ವಾದ್ಯ ನಿಂತ ಮೇಲೆ ಅರ್ಧ ಗಂಟೆ ಎಲ್ಲರೂ ಸುಮ್ನೆ ಕೂತು ಹಕ್ಕಿಗಳು ಬರುವುದನ್ನು ನೋಡಲಿ. ಅವುಗಳ ಕೂಗೂ ಹಬ್ಬದ ಹಾಡೇ ಅಲ್ವಾ?

ಹಿರಿಯೂರಿನಿಂದ ಒಬ್ಬರು

ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದು 2022ರಲ್ಲಿ. 89 ವರ್ಷ! ನೋಡಲು ನಾನೂ ಹೋಗಿದ್ದೆ. ಬಾಗಿನ ತಂದಿದ್ದ ಹೆಂಗಸರು ಒಂದು ಕಡೆ ನಿಂತು ಗಂಗಮ್ಮನ ಪದ ಎತ್ತಿದರು. ಮೈಕ್ ಇಲ್ಲ, ಶಾಮಿಯಾನ ಇಲ್ಲ. ನೀರು ಬೀಳುವ ಸದ್ದಿನ ಮಧ್ಯೆಯೂ ಜನ ಹತ್ತಿರ ಹತ್ತಿರ ಬಂದು ಕೇಳಿದರು.

ನಾನು ಹೇಳಬೇಕಾದ್ದು ರೆಕಾರ್ಡಿಂಗ್ ಬಗ್ಗೆ. ನಮ್ಮ ಜಿಲ್ಲೆಯ ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಆದರೆ ಸಾವಿರಾರು ಪದ ಅವರ ನೆನಪಿನಲ್ಲಿದ್ದವು. ಅವರ ಮನೆ ಬಾಗಿಲಿಗೆ ಹೋಗಿ ಕೂತು ಕೇಳಿ ಬರೆದುಕೊಂಡವರು ಇದ್ದದ್ದರಿಂದ ಅವು ಉಳಿದವು. ನಿಮ್ಮೂರಿನ ಅಜ್ಜಿಯರ ಪದಗಳನ್ನೂ ಹಬ್ಬಕ್ಕೆ ಮುಂಚೆಯೇ ಮನೆಯಲ್ಲಿ ನಿಧಾನವಾಗಿ ಧ್ವನಿಮುದ್ರಣ ಮಾಡಿಕೊಳ್ಳಿ. ಮೊದಲು ಅವರನ್ನು ಕೇಳಿ. ಹಬ್ಬದ ದಿನ ನೂರು ಮೊಬೈಲ್ ಮುಖದ ಮುಂದೆ ಹಿಡಿದರೆ ಅವರು ಹಾಡುವುದು ಹೇಗೆ? ಒಬ್ಬರೇ ಹಿಡಿಯಲಿ, ಆಮೇಲೆ ಎಲ್ಲರಿಗೂ ಕಳಿಸಲಿ.

ದಾವಣಗೆರೆ ಹತ್ತಿರದ ಹಳ್ಳಿಯ ಯುವತಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಇದನ್ನೆಲ್ಲ ನಿನ್ನೆ ಹುಡುಗರಿಗೆ ಓದಿ ಹೇಳಿದೆ. ತಮಟೆಯ ಅಣ್ಣನ ಮಾತು ಬಂದಾಗ ಯಾರೂ ಮಾತಾಡಲಿಲ್ಲ. ಆರ್ಕೆಸ್ಟ್ರಾ ಬೇಡ ಅಂತ ಕೊನೆಗೆ ಅವರೇ ಹೇಳಿದರು. ಮೂರಕ್ಕೆ ತಮಟೆ, ಆಮೇಲೆ ಭಜನೆ, ನಾಲ್ಕೂವರೆಗೆ ಸೋಬಾನೆ, ಐದೂವರೆಯಿಂದ ಹಕ್ಕಿಗಳು ಅಂತ ಬರೆದುಕೊಂಡಿದ್ದೇವೆ. ಹೇಗೂ 2016ರಿಂದ ನಮ್ಮ ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧ ಇದೆ, ಬ್ಯಾನರ್ ಬಟ್ಟೆಯದೇ ಬರೆಸುತ್ತೇವೆ. ಊಟ ಮುತ್ತುಗದೆಲೆಯಲ್ಲಿ, ನೀರು ಕೊಡ ಮತ್ತು ಸ್ಟೀಲ್ ಲೋಟದಲ್ಲಿ.

ಸಂಜೆ ಎಲೆ ಅಡಿಕೆ ತಗೊಂಡು ನಮ್ಮ ಬೀದಿಯ ಅಜ್ಜಿ ಮನೆಗೆ ಹೋದೆ. ಹೂ ಬಿಡಿಸುತ್ತಾ ಕೂತಿದ್ದರು. ಕೆರೆ ತುಂಬಿದ ಪದ ಬರುತ್ತಾ ಅಜ್ಜಿ ಅಂದೆ. ಬರುತ್ತೆ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನನ್ನ ಎದುರು ಕೂತು ಎತ್ತೋಳು ಗಂಗವ್ವ ಒಬ್ಬಳೇ. ಅವಳು ಮಗಳ ಮನೆ ಸೇರಿ ಆರು ವರ್ಷ ಆಯ್ತು. ಅವಳನ್ನ ಕರ್ಕೊಂಡು ಬರ್ತೀಯೇನವ್ವ?" ಅಂತ ಕೇಳಿದರು.

ಮಗಳ ಮನೆ ಹೊಳಲ್ಕೆರೆಯಲ್ಲಂತೆ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತಿದ್ದೇನೆ.