ಸಹಾಯ ಬೇಕು: ಹಳೇ ಕಾರ್ಬೊರೇಟರ್ ವ್ಯಾನ್ ಘಾಟಿ ಹತ್ತುವಾಗ ಮಿಸ್ ಹೊಡೀತಿದೆ

ನಮಸ್ಕಾರ, ನಮ್ದು ಹಳೇ 796 ಸಿಸಿ ಪೆಟ್ರೋಲ್ ವ್ಯಾನು, ಹಿಂದಿನ ಸೀಟ್ ಕಿತ್ತು ಹಾಸಿಗೆ, ಒಲೆ ಎಲ್ಲಾ ಕೂರ್ಸಿದೀವಿ. ಮಡಿಕೇರಿ ಟೌನಲ್ಲಿ ಏನೂ ತೊಂದ್ರೆ ಇಲ್ಲ, ಸಂಪಾಜೆಯಿಂದ ಘಾಟಿ ಹತ್ತೋಕೆ ಶುರು ಮಾಡಿ ಐದಾರು ಕಿಲೋಮೀಟರ್ ಆದ್ರೆ ಪಟ್ ಪಟ್ ಅಂತ ಮಿಸ್ ಹೊಡ್ದು ಆಫ್ ಆಗತ್ತೆ, ಹತ್ತು ನಿಮಿಷ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್! ಪ್ಲಗ್, ಪಾಯಿಂಟ್, ಫಿಲ್ಟರ್ ಹೊಸದು, ಕಾರ್ಬೊರೇಟರಲ್ಲಿ ಪೆಟ್ರೋಲ್ ಬರೋ ಸಣ್ಣ ತೂತು, ಅಂದ್ರೆ ಜೆಟ್‌ಗೂ ಗಾಳಿ ಹೊಡೆಸಾಯ್ತು. ಗಾಳಿ ಕಮ್ಮಿ ಮಾಡಿ ಪೆಟ್ರೋಲ್ ಪಾಲು ಹೆಚ್ಚಿಸೋ ಚೋಕ್ ಸ್ವಲ್ಪ ಎಳೆದ್ರೆ ಒಂಚೂರು ಚೇತರಿಸ್ಕೊಳ್ಳತ್ತೆ, ಅಂದ್ರೆ ಪೆಟ್ರೋಲ್ ಸಾಲ್ತಿಲ್ಲ ಅಂತ ನನ್ ಲೆಕ್ಕ. ಆದ್ರೆ ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಒಳಗಿನ ಪೊರೆ) ಹೋಗಿದ್ಯಾ, ಬಿಸಿಗೆ ಪೈಪಲ್ಲೇ ಪೆಟ್ರೋಲ್ ಆವಿ ಆಗ್ತಿದ್ಯಾ, ಇಲ್ಲಾ ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಕೊಂಡಿದ್ಯಾ ಗೊತ್ತಾಗ್ತಿಲ್ಲ. ಈ ಮಳೇಲಿ ಬಿಸಿ ಎಲ್ಲಿಂದ ಸಾರ್ ಅಂತ ಮೆಕ್ಯಾನಿಕ್ ನಗ್ತಾನೆ. ಹೊಸ ಪಂಪಿಗೆ ದುಡ್ಡು ಹಾಕೋ ಮುಂಚೆ, ಗಾಡಿ ರಸ್ತೇಲಿ ನಿಂತಾಗ್ಲೇ ಈ ಮೂರರಲ್ಲಿ ಯಾವ್ದು ಅಂತ ಕಂಡ್ಹಿಡಿಯೋದು ಹೇಗೆ?