ಹಳೆಯ ಗಿರಣಿಯ ಗೋಡೆಗೆ ಸಿಮೆಂಟ್ ಪಾಯಿಂಟಿಂಗ್ ಮಾಡಿಸಬಹುದೇ?

ಪ್ರಶ್ನೆ:
ನಗರದ ನಡುಭಾಗದಲ್ಲಿರುವ, ನೂರು ವರ್ಷ ದಾಟಿದ ನಾಲ್ಕು ಅಂತಸ್ತಿನ ನೂಲಿನ ಗಿರಣಿಯನ್ನು ಅಂಗಡಿ ಮತ್ತು ಕಚೇರಿಗಳಿಗೆ ಬಾಡಿಗೆಗೆ ಕೊಡುವಂತೆ ನವೀಕರಿಸುವ ಹೊಣೆ ನಮ್ಮ ಪಾಲಿಗೆ ಬಂದಿದೆ. ಹೊರಗೋಡೆ ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯದು. ಒಳಗೆ ದಪ್ಪನೆಯ ಮರದ ಕಂಬಗಳೂ ತೊಲೆಗಳೂ ಇವೆ. ಮಸಿ ಹಿಡಿದ ಗೋಡೆಗೆ ಮರಳನ್ನು ರಭಸದಿಂದ ಚಿಮ್ಮಿಸಿ ಕೊಳೆ ತೆಗೆಯುವ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿ, ಇಟ್ಟಿಗೆಗಳ ನಡುವಿನ ಸಂದುಗಳಿಗೆ ಸಿಮೆಂಟ್ ತುಂಬಿ (ಇದೇ ಪಾಯಿಂಟಿಂಗ್), ಬೆಂಕಿಯ ಭಯಕ್ಕೆ ಮರದ ತೊಲೆಗಳನ್ನು ಕಿತ್ತು ಉಕ್ಕಿನವನ್ನು ಹಾಕೋಣವೆಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1:
ಮೊದಲೆರಡು ಕೆಲಸಗಳನ್ನು ಈಗಲೇ ತಡೆಯಿರಿ. ಇಟ್ಟಿಗೆ ಸುಟ್ಟಾಗ ಮೇಲ್ಮೈಯಲ್ಲಿ ಗಟ್ಟಿಯಾಗುವ ತೆಳು ಪದರವನ್ನು ಮರಳಿನ ರಭಸ ಹೆರೆದು ಹಾಕುತ್ತದೆ; ಆಮೇಲೆ ಒಳಗಿನ ಮೆದು ಭಾಗ ನೀರು ಕುಡಿಯತೊಡಗುತ್ತದೆ. ಗೋಡೆಯ ತೇವ ಈವರೆಗೆ ಸುಣ್ಣದ ಸಂದುಗಳಿಂದ ಹೊರಹೋಗುತ್ತಿತ್ತು. ಅಲ್ಲಿ ಗಟ್ಟಿ ಸಿಮೆಂಟ್ ಕೂತರೆ ತೇವ ಇಟ್ಟಿಗೆಯ ಮೂಲಕವೇ ಹೊರಬರಬೇಕು, ಜೊತೆಗೆ ಬಂದ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಉದುರಿಸುತ್ತದೆ. ಹಾಗೆ ಕೆಟ್ಟ ಗೋಡೆಯೊಂದನ್ನು ನಾನು ನೋಡಿದ್ದೇನೆ: ಇಟ್ಟಿಗೆಗಳೆಲ್ಲ ಒಳಕ್ಕೆ ಸವೆದು, ಸಿಮೆಂಟಿನ ಗೆರೆಗಳು ಮಾತ್ರ ಬಲೆಯಂತೆ ಮುಂದಕ್ಕೆ ಚಾಚಿದ್ದವು. ಗಾರೆ ಇಟ್ಟಿಗೆಗಿಂತ ಮೆದುವಾಗಿರಬೇಕು, ಅಷ್ಟೇ. ಮಸಿಗೆ ಮೊದಲು ಒಂದು ಮೂಲೆಯಲ್ಲಿ ನೀರು ಮತ್ತು ಮೆತ್ತನೆಯ ಬ್ರಷ್ ಹಿಡಿದು ನೋಡಿ.

ಉತ್ತರ 2:
ತೊಲೆಗಳ ವಿಷಯದಲ್ಲಿ ಗುತ್ತಿಗೆದಾರರ ಲೆಕ್ಕ ತಲೆಕೆಳಗಾಗಿದೆ. ದಪ್ಪ ಮರದ ಹೊರಮೈ ಇದ್ದಿಲಾದಾಗ ಆ ಪದರವೇ ಒಳಗಿನ ಮರವನ್ನು ಬಹಳ ಹೊತ್ತು ಕಾಯುತ್ತದೆ. ರಕ್ಷಣಾ ಲೇಪವಿಲ್ಲದ ಉಕ್ಕಾದರೋ ಸುಮಾರು 550 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ನಿಜವಾದ ಅಪಾಯವಿರುವುದು ಯಂತ್ರದ ಬೆಲ್ಟ್‌ಗಳಿಗಾಗಿ ನೆಲದಲ್ಲಿ ಕೊರೆದ ರಂಧ್ರಗಳಲ್ಲಿ. ಬೆಂಕಿ ಮಹಡಿಯಿಂದ ಮಹಡಿಗೆ ಏರುವುದೇ ಅಲ್ಲಿಂದ. ಅವನ್ನು ಮುಚ್ಚಿ, ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಹಾಕಿಸಿ, ಹೊರಹೋಗಲು ಎರಡನೆಯ ಮೆಟ್ಟಿಲು ಇದೆಯೇ ಎಂದು ಪರಿಶೀಲಿಸಿ.

ಉತ್ತರ 3:
ನ್ಯೂಯಾರ್ಕಿನ ಚೆಲ್ಸಿ ಮಾರ್ಕೆಟ್ ಮೊದಲು ಬಿಸ್ಕತ್ತಿನ ಕಾರ್ಖಾನೆಯಾಗಿತ್ತು. 1997ರಲ್ಲಿ ಮಾರುಕಟ್ಟೆಯಾದಾಗ ಹಳೆಯ ಇಟ್ಟಿಗೆ, ಕಬ್ಬಿಣಗಳನ್ನು ಮರೆಮಾಡದೆ ಬಿಟ್ಟರು. ನೀವೂ ಸುಳ್ಳು ಚಾವಣಿ ಹಾಕಿ ಎತ್ತರದ ಕಿಟಕಿಗಳನ್ನು ಅರ್ಧಕ್ಕೆ ಕತ್ತರಿಸಬೇಡಿ, ಬಾಡಿಗೆದಾರರು ಹಣ ಕೊಡುವುದೇ ಆ ಬೆಳಕಿಗೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಇಂದು ಹಿಂಗೋಡೆಯನ್ನು ಹತ್ತಿರದಿಂದ ನೋಡಿದೆ. ಹಿಂದೆ ಯಾರೋ ಸಿಮೆಂಟ್ ಮೆತ್ತಿದ್ದ ಕಡೆ ಬೆರಳಿಟ್ಟರೆ ಇಟ್ಟಿಗೆ ಪುಡಿಪುಡಿಯಾಗಿ ಉದುರುತ್ತಿದೆ, ಸುಣ್ಣದ ಸಂದುಗಳ ನಡುವಿನದು ಮಾತ್ರ ಗಟ್ಟಿಯಾಗಿಯೇ ಇದೆ. ಗುತ್ತಿಗೆದಾರರನ್ನು ಬೆಳಿಗ್ಗೆ ಅಲ್ಲಿಗೇ ಕರೆದಿದ್ದೇನೆ.